ಆರ್ಗನ್ನಿನ ಹೊಟ್ಟೆಯಿಂದ ಗಿಟಾರ್ ಆಂಪ್

ಪ್ರಶ್ನೆ: ಅಮೆರಿಕದ ಓಹಾಯೊದಲ್ಲಿ ಕೆಲಸದಲ್ಲಿದ್ದೇನೆ. ನೆರೆಮನೆಯವರು ತಮ್ಮ ಅಜ್ಜಿಯ ಕಾಲದ ಎಲೆಕ್ಟ್ರಾನಿಕ್ ಆರ್ಗನ್ನನ್ನು, ಎತ್ತಿಕೊಂಡು ಹೋದರೆ ಸಾಕೆಂದು ಪುಕ್ಕಟೆ ಕೊಟ್ಟಿದ್ದಾರೆ. ಹೆಸರಿನ ಫಲಕ ಇಲ್ಲ, ಅರ್ಧಕ್ಕರ್ಧ ಕೀಲಿಗಳು ಮೂಕ. ಹಿಂಬದಿ ತೆರೆದರೆ ಗಾಜಿನ ವಾಲ್ವುಗಳಿರುವ ಒಂದು ಷಾಸಿ (ಲೋಹದ ತಳಪೆಟ್ಟಿಗೆ), 12 ಇಂಚಿನ ಎರಡು ಸ್ಪೀಕರ್, 8 ಇಂಚಿನ ಒಂದು ಸ್ಪೀಕರ್, ಬುಡದಲ್ಲಿ ಸ್ಪ್ರಿಂಗುಗಳಿರುವ ತಗಡಿನ ತಟ್ಟೆ ಇವೆ. ದೊಡ್ಡ ಸ್ಪೀಕರುಗಳ ಚೌಕಟ್ಟಿನ ಮೇಲೆ 465624 ಮತ್ತು 220617 ಎಂಬ ಅಂಕಿಗಳಿವೆ. ಮೀಟರಿನಲ್ಲಿ ಮೊದಲನೆಯದು 6.4 ಓಮ್, ಎರಡನೆಯದು 3.3 ಓಮ್; ಚಿಕ್ಕದು ಏನನ್ನೂ ತೋರಿಸುವುದಿಲ್ಲ. ಎಲ್ಲವನ್ನೂ ಸೇರಿಸಿ 30 ವ್ಯಾಟಿನ ಗಿಟಾರ್ ಆಂಪ್ಲಿಫೈಯರ್ ಕಟ್ಟಬಹುದೇ? ಮುಂದಿನ ವರ್ಷ ಮೈಸೂರಿಗೆ ಮರಳುವವನಿದ್ದೇನೆ. ಯಾವುದನ್ನು ಜೊತೆಗೆ ತರುವುದು ಯೋಗ್ಯ?

ಉತ್ತರ: ಕಟ್ಟಬಹುದು. ಆದರೆ 30 ವ್ಯಾಟಿನದ್ದಲ್ಲ, ಎಲ್ಲವನ್ನೂ ಸೇರಿಸಿಯೂ ಅಲ್ಲ. ಇಂಥ ಯೋಜನೆಗಳು ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಮೊದಲು ಆಂಪಿನ ನಕ್ಷೆಯನ್ನು ಮೆಚ್ಚಿಕೊಂಡು, ಆಮೇಲೆ ಕೈಗೆ ಸಿಕ್ಕ ಸ್ಪೀಕರನ್ನು ಅದರ ಬಾಯಿಗೆ ಕಟ್ಟುತ್ತಾರೆ. ಹೊಸ ಸ್ಪೀಕರ್ ಕೊಳ್ಳುವವರಿಗೆ ಆ ಕ್ರಮ ಸರಿ. ಅರವತ್ತು ವರ್ಷ ಹಳೆಯ ಕಾಗದದ ಕೋನನ್ನು (ನಡುಗಿ ದನಿ ಹೊರಡಿಸುವ ಸ್ಪೀಕರಿನ ಆಲಿಕೆ) ಇಟ್ಟುಕೊಂಡವರು ಹಿಂದುಮುಂದಾಗಿ ಹೋಗಬೇಕು: ಸ್ಪೀಕರ್ ಏನನ್ನು ತಾಳುತ್ತದೆ, ಯಾವ ಸ್ವರದಲ್ಲಿ ಹಾಡುತ್ತದೆ ಎಂದು ತಿಳಿದುಕೊಂಡು, ಅದಕ್ಕೆ ತಕ್ಕ ಆಂಪನ್ನು, ಅದಕ್ಕೆ ತಕ್ಕ ಪೆಟ್ಟಿಗೆಯನ್ನು ಕಟ್ಟಬೇಕು.

ಸ್ಕ್ರೂಡ್ರೈವರ್ ಎತ್ತುವ ಮೊದಲು ಒಂದು ಪರೀಕ್ಷೆ ಬಾಕಿ ಇದೆ. ಕೀಲಿಮಣೆಯ ಪಕ್ಕದಲ್ಲಿ 'ಸ್ಟಾರ್ಟ್' ಮತ್ತು 'ರನ್' ಎಂಬ ಎರಡು ಸ್ವಿಚ್ಚುಗಳಿವೆಯೇ? ಇದ್ದರೆ ಅದು ಬಹುಮಟ್ಟಿಗೆ ಹ್ಯಾಮಂಡ್ ಕಂಪನಿಯ ಚಕ್ರಗಳ ಆರ್ಗನ್. ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಷಿಕಾಗೊದಲ್ಲಿ ಮಾರುಕಟ್ಟೆಗೆ ತಂದ ಆ ಯಂತ್ರದಲ್ಲಿ ಮೋಟಾರಿನಿಂದ ತಿರುಗುವ ಹಲ್ಲಿನ ಚಕ್ರಗಳು ಸ್ವರ ಹುಟ್ಟಿಸುತ್ತವೆ. ಎಣ್ಣೆ ಬಿಟ್ಟು, ಸಂಪರ್ಕಗಳನ್ನು ಸ್ವಚ್ಛಗೊಳಿಸಿದರೆ ಮತ್ತೆ ನುಡಿಯುವ ಸಾಧ್ಯತೆ ಹೆಚ್ಚು. ಅಂಥದ್ದನ್ನು ಎರಡು ಸ್ಪೀಕರಿಗಾಗಿ ಬಿಚ್ಚುವುದು ನನ್ನ ಮಟ್ಟಿಗೆ ಕಟುಕತನ, ನುಡಿಸುವವರಿಗೆ ಕೊಟ್ಟುಬಿಡಿ. ಆ ಸ್ವಿಚ್ಚುಗಳಿಲ್ಲದೆ, ಒಳಗೆ ವಾಲ್ವ್ ಆಸಿಲೇಟರುಗಳ ಸಾಲುಗಳಿದ್ದು ಅರ್ಧ ಕೀಲಿಗಳು ಸತ್ತಿದ್ದರೆ ದುರಸ್ತಿಗೆ ಹಿಡಿಯುವ ಶ್ರಮಕ್ಕೆ ಅರ್ಥವಿಲ್ಲ. ನಿಮ್ಮದು ಎರಡನೆಯ ಬಗೆಯದು ಎಂದುಕೊಂಡು ಮುಂದುವರಿಯುತ್ತೇನೆ.

ನಮ್ಮ ಓದುಗರಲ್ಲಿ ಕೆಲವರಿಗೆ ಆರ್ಗನ್ ಎಂದರೆ ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ಕಣ್ಣಿಗೆ ಬರಬಹುದು. ಅದರಲ್ಲಿ ತಿದಿ ಮತ್ತು ರೀಡುಗಳಿರುತ್ತವೆ, ಸ್ಪೀಕರ್ ಇರುವುದಿಲ್ಲ. ಇಲ್ಲಿ ಹೇಳುತ್ತಿರುವುದು ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಮಧ್ಯಮವರ್ಗದ ಮನೆಗಳ ನಡುಮನೆಗೆ ಬಂದ ಎಲೆಕ್ಟ್ರಾನಿಕ್ ಆರ್ಗನ್ನಿನ ಮಾತು. ಹ್ಯಾಮಂಡ್, ವುರ್ಲಿಟ್ಸರ್, ಲೌರಿ, ಕಾನ್, ಬಾಲ್ಡ್‌ವಿನ್, ಥಾಮಸ್, ಕಿಂಬಲ್ ಹೀಗೆ ಹತ್ತಾರು ಹೆಸರುಗಳು. 1980ರ ದಶಕದಲ್ಲಿ ಅಗ್ಗದ ಡಿಜಿಟಲ್ ಕೀಬೋರ್ಡುಗಳು ಬಂದ ಮೇಲೆ ಈ ಮರದ ಪೆಟ್ಟಿಗೆಗಳನ್ನು ಕೇಳುವವರಿಲ್ಲದಾಯಿತು. ಎತ್ತಲು ಮೂರು ಜನ ಬೇಕಾದ ಸಾಮಾನಿಗೆ ಎರಡನೇ ಕೈಯ ಬೆಲೆ ಎಲ್ಲಿಂದ ಬರಬೇಕು? ಆದರೆ ಗಿಟಾರ್ ಆಂಪುಗಳ ಕಂಪನಿಗಳಿಗೆ ಸ್ಪೀಕರ್ ಮಾಡಿಕೊಟ್ಟ ಕಾರ್ಖಾನೆಗಳೇ ಆರ್ಗನ್ ಕಂಪನಿಗಳಿಗೂ ಮಾಡಿಕೊಡುತ್ತಿದ್ದವು. ನಿಮ್ಮ ಅದೃಷ್ಟವಿರುವುದು ಅಲ್ಲಿ.

ಚೌಕಟ್ಟಿನ ಅಂಕಿಗಳೇ ಅದಕ್ಕೆ ಸಾಕ್ಷಿ. ಆ ಕಾಲದ ಅಮೆರಿಕದ ಸ್ಪೀಕರುಗಳ ಮೇಲೆ ಒತ್ತಿರುವ ಸಂಖ್ಯೆಯ ಮೊದಲ ಮೂರು ಅಂಕಿ ತಯಾರಕರ ಗುರುತು. 465 ಎಂದರೆ ಆಕ್ಸ್‌ಫರ್ಡ್, 220 ಎಂದರೆ ಜೆನ್ಸನ್, ಎರಡೂ ಷಿಕಾಗೊದವು. 137 ಇದ್ದಿದ್ದರೆ ಸಿಟಿಎಸ್, 328 ಇದ್ದಿದ್ದರೆ ಯೂಟಾ. ಮುಂದಿನ ಒಂದು ಅಂಕಿ ದಶಕವಿಲ್ಲದ ವರ್ಷ, ಕೊನೆಯ ಎರಡು ಅಂಕಿ ವಾರ. ಅಂದರೆ ನಿಮ್ಮ ಆಕ್ಸ್‌ಫರ್ಡ್ 1956ರ ಅಥವಾ 1966ರ 24ನೇ ವಾರದ್ದು, ಜೆನ್ಸನ್ ಅದೇ ವರ್ಷದ 17ನೇ ವಾರದ್ದು. ಎರಡರಲ್ಲಿ ಯಾವ ವರ್ಷ? ಬುಡದಲ್ಲಿರುವ ಸ್ಪ್ರಿಂಗ್ ತಟ್ಟೆ ಅದನ್ನು ತೀರ್ಮಾನಿಸುತ್ತದೆ. ಅದು ರಿವರ್ಬ್, ಅಂದರೆ ಸ್ಪ್ರಿಂಗುಗಳ ಮೂಲಕ ದನಿಗೆ ಮಾರ್ದನಿ ಸೇರಿಸುವ ಸಾಧನ. ಹ್ಯಾಮಂಡ್ ಕಂಪನಿಯ ಮೊದಮೊದಲ ರಿವರ್ಬ್ ಘಟಕಗಳು ಎಣ್ಣೆ ತುಂಬಿದ ಕೊಳವೆಗಳಿದ್ದ ಎತ್ತರದ ಸಾಮಾನುಗಳು. ಚಪ್ಪಟೆಯಾದ ತಗಡಿನ ತಟ್ಟೆ ಬಳಕೆಗೆ ಬಂದಿದ್ದು 1960ರ ಆಸುಪಾಸಿನಲ್ಲಿ. ಹಾಗಾಗಿ 1966. ಫೆಂಡರ್ ಕಂಪನಿ ತನ್ನ ಗಿಟಾರ್ ಆಂಪುಗಳಲ್ಲಿ ಆಕ್ಸ್‌ಫರ್ಡ್ ಮತ್ತು ಜೆನ್ಸನ್ ಸ್ಪೀಕರುಗಳನ್ನು ಕೂರಿಸುತ್ತಿದ್ದ ದಶಕ ಅದೇ.

ಇಲ್ಲೇ ಒಂದು ಎಚ್ಚರಿಕೆ. ತಯಾರಕರು ಒಬ್ಬರೇ ಎಂದಮಾತ್ರಕ್ಕೆ ಸರಕು ಒಂದೇ ಅಲ್ಲ. ಆರ್ಗನ್ ಕಂಪನಿ ಕೇಳಿದ ಕೋನ್ ಬೇರೆ, ಫೆಂಡರ್ ಕೇಳಿದ ಕೋನ್ ಬೇರೆ. ಜಾಲತಾಣಗಳಲ್ಲಿ ಮಾರುವವರು "ಜೆನ್ಸನ್, 1966" ಎಂದಷ್ಟೇ ಬರೆದು ಬೆಲೆ ಏರಿಸುವುದು ಈ ವ್ಯತ್ಯಾಸವನ್ನು ಮುಚ್ಚಿಟ್ಟೇ.

ವ್ಯತ್ಯಾಸ ಏನು? ಆರ್ಗನ್ನಿನ ಕಾಲಿನ ಪೆಡಲುಗಳ '16 ಅಡಿ' ಎಂಬ ಸ್ವರಮಟ್ಟದಲ್ಲಿ ಅತಿ ಕೆಳಗಿನ ಸಿ ಸ್ವರ ಸುಮಾರು 32.7 ಹರ್ಟ್ಝ್. ಗಿಟಾರಿನ ಅತಿ ದಪ್ಪ ತಂತಿ 82.4 ಹರ್ಟ್ಝ್. ಒಂದು ಸಪ್ತಕಕ್ಕಿಂತ ಹೆಚ್ಚಿನ ಅಂತರ. ಮಂದ್ರವನ್ನು ಹೊರಡಿಸಲು ಆರ್ಗನ್ನಿನ ಸ್ಪೀಕರಿಗೆ ಸಡಿಲವಾದ ಅಂಚು, ಭಾರವಾದ ಕೋನ್ ಬೇಕಾಗುತ್ತದೆ. ಅದರ ಸಹಜ ಅನುರಣನ (ತಾನಾಗಿ ಹೆಚ್ಚು ನಡುಗುವ ಆವರ್ತನ) 40–50 ಹರ್ಟ್ಝ್ ಸುತ್ತ ಇರುತ್ತದೆ. ಗಿಟಾರಿನ ಸ್ಪೀಕರಿನ ಕೋನ್ ಹಗುರ, ಅಂಚು ಅದೇ ಕಾಗದದ ಮಡಿಕೆ, ಬಿಗಿ. ಅನುರಣನ 75ರಿಂದ 100 ಹರ್ಟ್ಝ್. ಎರಡನೆಯ ವ್ಯತ್ಯಾಸ ಮೇಲಿನ ತುದಿಯಲ್ಲಿದೆ. ಗಿಟಾರ್ ಸ್ಪೀಕರಿನ ಕೋನ್ 2ರಿಂದ 4 ಕಿಲೋಹರ್ಟ್ಝ್ ನಡುವೆ ಇಡಿಯಾಗಿ ಚಲಿಸದೆ ಭಾಗಭಾಗವಾಗಿ ನಡುಗುತ್ತದೆ. ಹೈ-ಫೈ ಕಣ್ಣಿನಲ್ಲಿ ಅದು ದೋಷ. ಗಿಟಾರಿನವರಿಗೆ ಅದೇ ಕಚ್ಚು, ಅದೇ ಹೊಳಪು. 5 ಕಿಲೋಹರ್ಟ್ಝ್ ದಾಟಿದ ಮೇಲೆ ಅದರ ದನಿ ಕಡಿದಾಗಿ ಬೀಳುತ್ತದೆ. ಡಿಸ್ಟಾರ್ಷನ್ನಿನ ಕರ್ಕಶ ಅಂಚನ್ನು ಅದು ಶೋಧಿಸಿ ಕೊಡುತ್ತದೆ. ಆರ್ಗನ್ನಿನ ಸ್ಪೀಕರುಗಳಲ್ಲಿ ಕೆಲವು ಈ ಗುಣಕ್ಕೆ ಹತ್ತಿರ, ಕೆಲವು ಬಲು ದೂರ. ಒಂದೇ ಆರ್ಗನ್ನಿನೊಳಗೆ ಎರಡೂ ಬಗೆಯವು ಇರಬಹುದು, ಏಕೆಂದರೆ ಪೆಡಲಿಗೊಂದು, ಕೈ ಕೀಲಿಗಳಿಗೊಂದು ಎಂದು ದಾರಿ ಹಂಚಿರುತ್ತಿದ್ದರು. ನಿಮ್ಮ ಎರಡು 12 ಇಂಚುಗಳ ತಯಾರಕರೂ ಓಮೂ ಬೇರೆಬೇರೆ ಆಗಿರುವುದರಿಂದ ನನಗೆ ಈ ಅನುಮಾನ ಬಲವಾಗಿದೆ.

ಬೆರಳಿನಿಂದಲೇ ಅರ್ಧ ಗೊತ್ತಾಗುತ್ತದೆ. ಕೋನಿನ ನಡುವಿನ ಟೋಪಿಯ ಎರಡೂ ಬದಿಯಲ್ಲಿ ಬೆರಳುಗಳನ್ನಿಟ್ಟು ಸಮನಾಗಿ, ಮೆಲ್ಲಗೆ ಒತ್ತಿ. ಸಲೀಸಾಗಿ ಒಳಗೆ ಸರಿದರೆ ಅದು ಪೆಡಲಿನದ್ದು. ಒಡನೆಯೇ ಪ್ರತಿರೋಧ ಕೊಟ್ಟು, ಬಿಟ್ಟ ಕೂಡಲೇ ಹಿಂದಕ್ಕೆ ಬಂದರೆ ಗಿಟಾರಿಗೆ ಒಗ್ಗುವಂಥದ್ದು. ಒತ್ತುವಾಗ ಕಿವಿಯನ್ನು ಹತ್ತಿರ ಇಟ್ಟುಕೊಳ್ಳಿ: ಕರಕರ ಎಂದು ಕೆರೆಯುವ ಸದ್ದು ಬಂದರೆ ವಾಯ್ಸ್ ಕಾಯಿಲ್ (ಕೋನಿಗೆ ಅಂಟಿರುವ ತಂತಿಯ ಸುರುಳಿ) ಆಯಸ್ಕಾಂತಕ್ಕೆ ಉಜ್ಜುತ್ತಿದೆ, ಇಲ್ಲವೇ ಸಂದಿನಲ್ಲಿ ತುಕ್ಕಿನ ಪುಡಿ ಇದೆ. ಒಂದೇ ಬದಿಯಲ್ಲಿ ಒತ್ತಿ ಈ ತೀರ್ಪು ಕೊಡಬೇಡಿ. ಓರೆಯಾಗಿ ಒತ್ತಿದರೆ ಒಳ್ಳೆಯ ಸ್ಪೀಕರೂ ಉಜ್ಜುತ್ತದೆ.

ಉಳಿದರ್ಧಕ್ಕೆ ಮೊಬೈಲ್ ಸಾಕು. ಸ್ವರ ಹೊರಡಿಸುವ ಯಾವುದಾದರೂ ಆ್ಯಪ್, ಒಂದು ಸಣ್ಣ ಆಂಪ್ಲಿಫೈಯರ್, ಸ್ಪೀಕರಿನ ಜೊತೆ ಸರಣಿಯಲ್ಲಿ 100 ಓಮಿನ ಒಂದು ರೆಸಿಸ್ಟರ್. ಸ್ಪೀಕರನ್ನು ಗಾಳಿಯಲ್ಲಿ ನೇರವಾಗಿ ನಿಲ್ಲಿಸಿ, ಅದರ ಎರಡು ತುದಿಗಳ ನಡುವೆ ಮೀಟರನ್ನು ಎಸಿ ವೋಲ್ಟಿಗೆ ಇಟ್ಟು, 30 ಹರ್ಟ್ಝಿನಿಂದ ಮೇಲಕ್ಕೆ ನಿಧಾನವಾಗಿ ಏರಿಸುತ್ತಾ ಹೋಗಿ. ಯಾವ ಆವರ್ತನದಲ್ಲಿ ವೋಲ್ಟೇಜ್ ತುದಿ ಮುಟ್ಟಿ ಇಳಿಯುತ್ತದೋ ಅದೇ ಅನುರಣನ. 70ರ ಮೇಲೆ ಬಂದರೆ ಸಂತೋಷಪಡಿ. 45 ಬಂದರೂ ಎಸೆಯಬೇಕಿಲ್ಲ. ಪೆಟ್ಟಿಗೆಯ ಮಾತು ಬರುವಾಗ ಅದಕ್ಕೆ ಉಪಾಯ ಹೇಳುತ್ತೇನೆ.

ಇನ್ನು ಓಮಿನ ಲೆಕ್ಕ. ಮೀಟರ್ ತೋರಿಸುವುದು ತಂತಿಯ ನೇರ ವಿದ್ಯುತ್ ಪ್ರತಿರೋಧವನ್ನು. ಇಂಪಿಡೆನ್ಸ್, ಅಂದರೆ ದನಿಯ ಎಸಿ ಸಂಕೇತಕ್ಕೆ ಸ್ಪೀಕರ್ ಒಡ್ಡುವ ತಡೆ, ಅದಕ್ಕಿಂತ ಹೆಚ್ಚು. ಸ್ಥೂಲವಾಗಿ ಹೆಸರಿನ ಓಮಿನ ಮುಕ್ಕಾಲು ಅಥವಾ ಸ್ವಲ್ಪ ಮೇಲೆ ಮೀಟರಿನಲ್ಲಿ ಕಾಣುತ್ತದೆ. 6.4 ಎಂದರೆ 8 ಓಮಿನ ಸ್ಪೀಕರ್, 3.3 ಎಂದರೆ 4 ಓಮಿನದ್ದು. ಷಾಸಿಯಿಂದ ತಂತಿ ಬಿಚ್ಚದೆ ಅಳೆದಿದ್ದರೆ ಟ್ರಾನ್ಸ್‌ಫಾರ್ಮರಿನ ಸುರುಳಿಯೂ ಸೇರಿ 1 ಓಮಿಗಿಂತ ಕಡಿಮೆ ಬರುತ್ತಿತ್ತು. ನೀವು ಸರಿಯಾಗಿಯೇ ಅಳೆದಿದ್ದೀರಿ.

ಈ ಎರಡನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸುವ ಆಸೆ ಬಿಡಿ. ಸಮಾಂತರವಾಗಿ ಕಟ್ಟಿದರೆ ಒಟ್ಟು 2.7 ಓಮ್, 4 ಓಮಿನ ಜೆನ್ಸನ್ನಿಗೆ ಆಕ್ಸ್‌ಫರ್ಡಿನ ಇಮ್ಮಡಿ ಶಕ್ತಿ. ಸರಣಿಯಲ್ಲಿ ಕಟ್ಟಿದರೆ 12 ಓಮ್, ಆಗ ಆಕ್ಸ್‌ಫರ್ಡಿಗೆ ಇಮ್ಮಡಿ. ಯಾವ ಕಡೆಯಿಂದ ಕಟ್ಟಿದರೂ ಒಂದು ದುಡಿಯುತ್ತದೆ, ಇನ್ನೊಂದು ಕುಳಿತಿರುತ್ತದೆ.

8 ಇಂಚಿನದು ಸತ್ತಿದೆ ಎಂದು ಈಗಲೇ ಬರೆದುಬಿಡಬೇಡಿ. ಆರ್ಗನ್ನುಗಳ ಸಣ್ಣ ಸ್ಪೀಕರಿಗೆ ಮಂದ್ರ ಹೋಗದಂತೆ ದಾರಿಯಲ್ಲೊಂದು ಕೆಪಾಸಿಟರ್ ಇಡುತ್ತಿದ್ದರು. ತಂತಿಯ ತುದಿಯಲ್ಲಿ ಅಳೆದರೆ ಮೀಟರಿಗೆ ಆ ಕೆಪಾಸಿಟರ್ ಅಡ್ಡ ಬರುತ್ತದೆ, ಏನೂ ಕಾಣುವುದಿಲ್ಲ. ಸ್ಪೀಕರಿನ ಮೈಮೇಲೆ ತಂತಿ ಬೆಸೆದಿರುವ ಕಿವಿಗಳಲ್ಲೇ ನೇರವಾಗಿ ಅಳೆಯಿರಿ. ಆಗಲೂ ಮೌನವಾದರೆ, ಕಿವಿಯಿಂದ ಕೋನಿಗೆ ಹೋಗುವ ಹೆಣೆದ ತಂತಿಯನ್ನು ಭೂತಗನ್ನಡಿಯಲ್ಲಿ ನೋಡಿ. ವರ್ಷಗಟ್ಟಲೆ ಅಲುಗಿ ಅಲುಗಿ ಅದು ಕೋನಿನ ಬಳಿ ತುಂಡಾಗುವುದು ಸಾಮಾನ್ಯ, ಬೆಸುಗೆಯಿಂದ ಸರಿಹೋಗುತ್ತದೆ. ವಾಯ್ಸ್ ಕಾಯಿಲೇ ಸುಟ್ಟಿದ್ದರೆ 8 ಇಂಚಿಗೆ ಹೊಸ ಕೋನ್, ಕಾಯಿಲ್ ಹಾಕಿಸುವ ಖರ್ಚು ಮಾಡುವುದು ದುಂದು.

ಕೋನಿನಲ್ಲಿ ಸಣ್ಣ ಹರಕುಗಳಿದ್ದರೆ ತೆಳುವಾದ ಟಿಶ್ಯೂ ಕಾಗದ ಮತ್ತು ನೀರು ಬೆರೆಸಿದ ಬಿಳಿ ಮರದಂಟು ಸಾಕು, ಎರಡೂ ಬದಿಯಿಂದ. ಗಟ್ಟಿಯಾಗಿ ಒಣಗುವ ಅಂಟು, ದಪ್ಪ ತೇಪೆ ಬೇಡ. ತೇಪೆಯ ಭಾರಕ್ಕೆ ಕೋನಿನ ನಡುಕವೇ ಬದಲಾಗುತ್ತದೆ. ಅಂಚು ನೊರೆರಬ್ಬರಿನದ್ದಾಗಿದ್ದು ಮುಟ್ಟಿದರೆ ಪುಡಿಯಾಗುತ್ತಿದ್ದರೆ ಗಿಟಾರಿಗೆ ಅದನ್ನು ಬಿಟ್ಟುಬಿಡಿ. ಅಂದಹಾಗೆ, ಇನ್ನೂ ಹಳೆಯ ಆರ್ಗನ್ನುಗಳಲ್ಲಿ ಆಯಸ್ಕಾಂತದ ಬದಲು ಸುರುಳಿಯೇ ಇರುವ 'ಫೀಲ್ಡ್ ಕಾಯಿಲ್' ಸ್ಪೀಕರುಗಳು ಸಿಗುತ್ತವೆ. ಹೆಚ್ಚುವರಿ ಎರಡು ತಂತಿಗಳು ಅದರ ಗುರುತು. ಆ ಸುರುಳಿಗೆ ನೂರಾರು ವೋಲ್ಟಿನ ನೇರ ವಿದ್ಯುತ್ ಹರಿಯುತ್ತದೆ, ಅದು ಹರಿಯದಿದ್ದರೆ ಸ್ಪೀಕರ್ ನುಡಿಯುವುದಿಲ್ಲ. 1966ರ ನಿಮ್ಮದರಲ್ಲಿ ಅದು ಇರಲಾರದು.

ಈಗ ವ್ಯಾಟಿನ ವಿಷಯ. ಆ ಕಾಲದ ಮನೆಯ ಆರ್ಗನ್ನಿನ 12 ಇಂಚಿನ ಸ್ಪೀಕರನ್ನು 10–20 ವ್ಯಾಟಿನದ್ದು ಎಂದು ನಾನು ಎಣಿಸುತ್ತೇನೆ, ಅದರಾಚೆಗೆ ನಂಬುವುದಿಲ್ಲ. ಅದರಲ್ಲೂ ಗಿಟಾರ್ ಆಂಪಿನ ವ್ಯಾಟ್ ಮೋಸದ ವ್ಯಾಟ್. 15 ವ್ಯಾಟ್ ಎಂದು ಬರೆದಿರುವುದು ಶುದ್ಧ ಸ್ವರಕ್ಕೆ. ಗುಂಡಿ ಪೂರ್ತಿ ತಿರುಗಿಸಿ ಅಲೆಯ ನೆತ್ತಿ ಚಪ್ಪಟೆಯಾದಾಗ ಅದೇ ಎತ್ತರದ ಚೌಕದಲೆ ಶುದ್ಧ ಅಲೆಯ ಎರಡರಷ್ಟು ಶಕ್ತಿ ಹೊರುತ್ತದೆ. ಹಾಗಾಗಿ ಸ್ಪೀಕರಿನ ತಾಳಿಕೆ ಆಂಪಿನ ಎರಡರಷ್ಟಿರಬೇಕು. ನಿಮ್ಮ 30 ವ್ಯಾಟಿನ ಆಂಪಿಗೆ 60 ವ್ಯಾಟ್ ತಾಳುವ ಸ್ಪೀಕರ್ ಬೇಕು. ನಿಮ್ಮಲ್ಲಿ ಅದು ಇಲ್ಲ.

ಕಡಿಮೆ ವ್ಯಾಟಿನಿಂದ ಕಳೆದುಕೊಳ್ಳುವುದು ಅಷ್ಟೇನೂ ಇಲ್ಲ. ಶಕ್ತಿ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಲು 10 ಡೆಸಿಬೆಲ್, ಅಂದರೆ ಹತ್ತರಷ್ಟು ಶಕ್ತಿ ಬೇಕು. 30ರ ಬದಲು 10 ವ್ಯಾಟ್ ಆಯ್ದರೆ ಇಳಿಯುವುದು 5 ಡೆಸಿಬೆಲಿಗಿಂತ ಕಡಿಮೆ. ಮನೆಯಲ್ಲಿ ನುಡಿಸುವವರಿಗೆ, ಪಕ್ಕದ ಮನೆಯವರೊಂದಿಗೆ ಮಾತುಕತೆ ಉಳಿಯಬೇಕೆಂಬವರಿಗೆ, 10 ವ್ಯಾಟ್ ಧಾರಾಳ.

ಯಾವ ಆಂಪ್? ಷಾಸಿಯಲ್ಲಿ ಟ್ರಾನ್ಸ್‌ಫಾರ್ಮರುಗಳ ಪಕ್ಕದಲ್ಲಿರುವ ವಾಲ್ವುಗಳ ಹೆಸರು ಓದಿ. 6ವಿ6 ಅಥವಾ 6ಬಿಕ್ಯೂ5 ಜೋಡಿ ಇದ್ದರೆ ನಿಧಿ ಸಿಕ್ಕಿತು ಎನ್ನಿ. ಹ್ಯಾಮಂಡ್ ಎಂ-3 ಆರ್ಗನ್ನಿನ ಎಒ-29 ಷಾಸಿಯಲ್ಲಿ ಇರುವುದೂ 6ವಿ6 ಜೋಡಿಯೇ, ಫೆಂಡರಿನ 1950ರ ದಶಕದ ಡಿಲಕ್ಸ್ ಆಂಪಿನಲ್ಲಿ ಇರುವುದೂ ಅದೇ. ಆ ಡಿಲಕ್ಸಿನ '5ಇ3' ನಕ್ಷೆ ಮನೆಯಲ್ಲಿ ಕಟ್ಟುವವರ ಅಕ್ಷರಾಭ್ಯಾಸವೇ ಸರಿ: ಎರಡು 6ವಿ6, ಒಂದು 12ಎವೈ7, ಒಂದು 12ಎಎಕ್ಸ್7, ಒಂದು 5ವೈ3 ರೆಕ್ಟಿಫೈಯರ್, 8 ಓಮಿನ 12 ಇಂಚಿನ ಒಂದೇ ಸ್ಪೀಕರ್, ಸುಮಾರು 12–15 ವ್ಯಾಟ್. ಮೂಲದಲ್ಲಿ ಅದಕ್ಕೆ ಜೆನ್ಸನ್ ಪಿ12ಆರ್ ಕೂರಿಸುತ್ತಿದ್ದರು. ನಿಮ್ಮ 8 ಓಮಿನ ಆಕ್ಸ್‌ಫರ್ಡಿಗೆ ನಾನು ಸೂಚಿಸುವುದು ಇದನ್ನೇ, ಆದರೆ ವೋಲ್ಟೇಜನ್ನು ಸ್ವಲ್ಪ ಇಳಿಸಿ, ಹತ್ತು ವ್ಯಾಟಿನ ಆಸುಪಾಸಿನಲ್ಲಿ ನಿಲ್ಲಿಸಿ. ಗುಂಡಿ ಪೂರ್ತಿ ತಿರುಗಿಸಿ ಗಂಟೆಗಟ್ಟಲೆ ನುಡಿಸುವ ಅಭ್ಯಾಸ ನಿಮ್ಮದಾಗಿದ್ದರೆ, ಒಂದೇ 6ವಿ6 ಇರುವ, ಫೆಂಡರಿನದೇ 5 ವ್ಯಾಟಿನ ಚಾಂಪ್ ಮಾದರಿ ಇನ್ನೂ ಸುರಕ್ಷಿತ.

ಚಾಂಪ್ ಕಟ್ಟುವವರು ಆರ್ಗನ್ನಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೇ (ವಾಲ್ವಿನ ಸಂಕೇತವನ್ನು ಸ್ಪೀಕರಿಗೆ ಹೊಂದಿಸಿ ಕೊಡುವಂಥದ್ದು) ಬಳಸಲು ಹೋಗಿ ಎಡವುತ್ತಾರೆ. ಜೋಡಿ ವಾಲ್ವಿನ ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ಬದಿಯ ನೇರ ವಿದ್ಯುತ್ ಒಂದನ್ನೊಂದು ರದ್ದುಮಾಡುತ್ತದೆ ಎಂಬ ಭರವಸೆಯಿಂದ ಗಾಳಿಯ ಸಂದಿಲ್ಲದೆ ಕಬ್ಬಿಣವನ್ನು ಜೋಡಿಸಿರುತ್ತಾರೆ. ಒಂಟಿ ವಾಲ್ವನ್ನು ಅದಕ್ಕೆ ಕಟ್ಟಿದರೆ ಕಬ್ಬಿಣ ಕಾಂತಶಕ್ತಿಯಿಂದ ತುಂಬಿಹೋಗಿ ದನಿ ಬಡಕಲಾಗುತ್ತದೆ. ಚಾಂಪಿಗೆ ಒಂಟಿ ವಾಲ್ವಿನದೇ ಟ್ರಾನ್ಸ್‌ಫಾರ್ಮರನ್ನು ಕೊಳ್ಳಿ.

ಆರ್ಗನ್ನಿನ ಷಾಸಿಯನ್ನು ಹಾಗೆಯೇ ಗಿಟಾರಿಗೆ ಜೋಡಿಸಿದರೆ ದನಿ ಕೇಳಿಸುವುದೇ ಕಷ್ಟ. ಅದಕ್ಕೆ ಬಲವಾದ ಸಂಕೇತ ಕೊಡಲು ಹಿಂದೆ ಇಡೀ ಆರ್ಗನ್ ಇತ್ತು. ಗಿಟಾರಿನ ಪಿಕಪ್ ಕೊಡುವುದು ಸಾಮಾನ್ಯವಾಗಿ ಕೆಲವು ನೂರು ಮಿಲಿವೋಲ್ಟ್. ಮುಂದೆ 12ಎಎಕ್ಸ್7ರ ಎರಡು ಹಂತಗಳನ್ನು ಸೇರಿಸಬೇಕು, ಮೊದಲ ಹಂತದ ಬಾಗಿಲಲ್ಲಿ 1 ಮೆಗಾಓಮಿನ ರೆಸಿಸ್ಟರ್ ಇರಬೇಕು. ಮಂದ್ರವನ್ನು ಇಲ್ಲೇ ಕತ್ತರಿಸುವುದು ಜಾಣತನ, ಏಕೆಂದರೆ ನಿಮ್ಮ ಸ್ಪೀಕರ್ ಸಡಿಲವಾಗಿದ್ದರೆ ಕೆಳಗಿನ ಸ್ವರಗಳಲ್ಲಿ ಕೋನ್ ಅರ್ಥವಿಲ್ಲದೆ ಬಡಿದುಕೊಳ್ಳುತ್ತದೆ. 1 ಮೆಗಾಓಮಿನ ಮುಂದೆ 0.022 ಮೈಕ್ರೋಫ್ಯಾರಡ್ ಕೆಪಾಸಿಟರ್ 7 ಹರ್ಟ್ಝ್‌ವರೆಗೂ ಬಾಗಿಲು ತೆರೆದಿಡುತ್ತದೆ, 0.0022 ಹಾಕಿದರೆ 72 ಹರ್ಟ್ಝಿನ ಕೆಳಗೆ ದನಿ ಇಳಿಯತೊಡಗುತ್ತದೆ. ಮೊದಲ ಹಂತದ ಕ್ಯಾಥೋಡಿನ 25 ಮೈಕ್ರೋಫ್ಯಾರಡ್ ಜಾಗದಲ್ಲಿ 1 ಹಾಕಿ ನೋಡಿ. ಎರಡೂ ಬದಲಾವಣೆ ಕೆಲವೇ ರೂಪಾಯಿಯದು, ಫಲ ಮಾತ್ರ ಹೊಸ ಸ್ಪೀಕರ್ ಹಾಕಿದಷ್ಟು ದೊಡ್ಡದು.

ಷಾಸಿ ಬಿಚ್ಚುವವರಿಗೆ ಜೀವದ ಮಾತು. ಪ್ಲಗ್ ಕಿತ್ತು ದಿನವಾಗಿದ್ದರೂ ಶೋಧಕ ಕೆಪಾಸಿಟರುಗಳಲ್ಲಿ 300–400 ವೋಲ್ಟ್ ಉಳಿದಿರಬಹುದು. 10 ಕಿಲೋಓಮ್, 10 ವ್ಯಾಟಿನ ರೆಸಿಸ್ಟರಿಗೆ ಎರಡು ಅವಾಹಕ ಹಿಡಿಯ ತಂತಿ ಕಟ್ಟಿ, ಪ್ರತಿ ಕೆಪಾಸಿಟರಿನ ಧನ ತುದಿಯಿಂದ ಷಾಸಿಗೆ ಕೆಲವು ಸೆಕೆಂಡು ಹಿಡಿದು, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕಿ. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವ ಶೌರ್ಯ ಬೇಡ. ಎರಡು ತಂತಿಯ ಹಳೆಯ ಕೇಬಲ್ ತೆಗೆದು ಭೂಸಂಪರ್ಕವಿರುವ ಮೂರು ತಂತಿಯದು ಹಾಕಿ, ಮುಖ್ಯ ವಿದ್ಯುತ್ತಿನಿಂದ ಷಾಸಿಗೆ ನೇರವಾಗಿ ಕಟ್ಟಿರುವ ಸಣ್ಣ ಕೆಪಾಸಿಟರನ್ನು ಕಿತ್ತುಹಾಕಿ. ಅದು ಕೆಟ್ಟ ದಿನ ಷಾಸಿ, ಅದರಿಂದ ಗಿಟಾರಿನ ತಂತಿಯೇ ನಿಮ್ಮನ್ನು ಹಿಡಿಯುತ್ತದೆ. ರಿಪೇರಿಯವರು ಅದನ್ನು 'ಸಾವಿನ ಕೆಪಾಸಿಟರ್' ಎನ್ನುವುದು ತಮಾಷೆಗಲ್ಲ. ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನೆಲ್ಲ ಬದಲಿಸಿದ ಮೇಲೆ, ಮೊದಲ ಸಲ ಸರಣಿಯಲ್ಲೊಂದು 60 ವ್ಯಾಟಿನ ಹಳೆಯ ತಂತಿಬಲ್ಬ್ ಇಟ್ಟು ಚಾಲೂ ಮಾಡಿ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಕ್ಷೇಮ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ. ಸ್ಪೀಕರ್ ಕಟ್ಟದೆ ವಾಲ್ವ್ ಆಂಪನ್ನು ಚಾಲೂ ಮಾಡಬಾರದು ಎಂಬುದು ನಿಮಗೆ ತಿಳಿದಿದೆ ಎಂದುಕೊಂಡಿದ್ದೇನೆ. ಈ ಕೆಲಸವನ್ನು ಮೊದಲ ಬಾರಿಗೆ ಮಾಡುವವರು ಒಬ್ಬರೇ ಕುಳಿತು ಮಾಡಬೇಡಿ.

ಪೆಟ್ಟಿಗೆಗೆ ಬರೋಣ. ಆರ್ಗನ್ನಿನ ಹೊರಮೈಯ ಮರ ಚೆನ್ನಾಗಿ ಕಂಡರೂ ಒಳಗಿನ ಹಲಗೆಗಳು ಹೆಚ್ಚಾಗಿ ಮರದ ಪುಡಿಯನ್ನು ಒತ್ತಿ ಮಾಡಿದವು; ತಿರುಪು ನಿಲ್ಲುವುದಿಲ್ಲ. ಬದಿಯ ಹಲಗೆ ಗಟ್ಟಿ ಮರದ್ದಾಗಿದ್ದರೆ ಉಳಿಸಿಕೊಳ್ಳಿ. ಸ್ಪೀಕರ್ ಕೂರುವ ಹಲಗೆಗೆ 18 ಮಿಲಿಮೀಟರಿನ ಪ್ಲೈವುಡ್, 280 ಮಿಲಿಮೀಟರ್ ವ್ಯಾಸದ ರಂಧ್ರ. ಕೂರಿಸುವಾಗ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಆ ಕಾಲದ ತಗಡಿನ ಚೌಕಟ್ಟು ಒಂದು ಬದಿಗೆ ಎಳೆದರೆ ಬಾಗುತ್ತದೆ, ಬಾಗಿದರೆ ಕಾಯಿಲ್ ಉಜ್ಜುತ್ತದೆ. ನಿನ್ನೆ ಚೆನ್ನಾಗಿದ್ದ ಸ್ಪೀಕರ್ ಇಂದು ಕರಕರ ಎನ್ನುವುದಕ್ಕೆ ಹಲವು ಸಲ ಇಷ್ಟೇ ಕಾರಣ.

ಅನುರಣನ 70ಕ್ಕಿಂತ ಮೇಲಿದ್ದರೆ ಹಿಂಬದಿ ಅರ್ಧ ತೆರೆದ ಪೆಟ್ಟಿಗೆಯೇ ಚೆಂದ, ದನಿ ಕೋಣೆ ತುಂಬ ಹರಡುತ್ತದೆ. 45 ಬಂದರೆ ಹಿಂಬದಿಯನ್ನು ಪೂರ್ತಿ ಮುಚ್ಚಿ. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಕೋನಿಗೆ ಹೆಚ್ಚುವರಿ ಸ್ಪ್ರಿಂಗಿನಂತೆ ಒತ್ತು ಕೊಡುತ್ತದೆ. ಸಡಿಲ ಅಂಚಿನ ಸ್ಪೀಕರೊಂದರ ಅನುರಣನ 45 ಹರ್ಟ್ಝ್, ಅದರ ಸಡಿಲಿಕೆಗೆ ಸಮನಾದ ಗಾಳಿಯ ಗಾತ್ರ 200 ಲೀಟರ್ ಎಂದುಕೊಂಡರೆ, 60 ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಅನುರಣನ 94ರ ಸುತ್ತ ಬರುತ್ತದೆ. ಗಿಟಾರಿಗೆ ಬೇಕಾದ ಜಾಗ ಅದೇ. ತೆರೆದ ಪೆಟ್ಟಿಗೆಯಲ್ಲಿ ಸೋತ ಪೆಡಲ್ ಸ್ಪೀಕರ್ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಗೆಲ್ಲುವುದು ಹೀಗೆ. ಮೇಲಿನ ಕಚ್ಚು ಮಾತ್ರ ಅದರಿಂದ ಬರುವುದಿಲ್ಲ. ಜಾಝ್ ನುಡಿಸುವವರಿಗೆ ಅದೇ ಇಷ್ಟವಾಗಬಹುದು.

ಆ ತಗಡಿನ ತಟ್ಟೆಯನ್ನು ನೀವು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದೀರಿ. ನನಗಾದರೆ ಆ ಆರ್ಗನ್ನಿನಲ್ಲಿ ಮೊದಲು ಬಿಚ್ಚುವುದು ಅದನ್ನೇ. ಗಿಟಾರಿನ ಸ್ಪ್ರಿಂಗ್ ರಿವರ್ಬ್ ಆರ್ಗನ್ನಿನಿಂದಲೇ ಬಂದದ್ದು: ಹ್ಯಾಮಂಡ್ ಕಂಪನಿಯ ಘಟಕವನ್ನು ಫೆಂಡರ್ 1961ರಲ್ಲಿ ಪ್ರತ್ಯೇಕ ಪೆಟ್ಟಿಗೆಯಾಗಿಯೂ, 1963ರ ವೈಬ್ರೊವರ್ಬಿನಲ್ಲಿ ಆಂಪಿನೊಳಗೇ ಸೇರಿಸಿಯೂ ಮಾರಿತು. ತಟ್ಟೆ 43 ಸೆಂಟಿಮೀಟರಿನ ಆಸುಪಾಸಿನ ಉದ್ದದ್ದಾಗಿದ್ದರೆ ಅದು ಫೆಂಡರ್ ಬಳಸಿದ ಗಾತ್ರವೇ. ಎರಡೂ ತುದಿಯ ಸುರುಳಿಗಳನ್ನು ಅಳೆಯಿರಿ. ಒಂದು ತುದಿ ಸುಮಾರು 1 ಓಮ್, ಇನ್ನೊಂದು ಸುಮಾರು 200 ಓಮ್ ಬಂದರೆ ಫೆಂಡರ್ ನಕ್ಷೆಗಳಿಗೆ ನೇರವಾಗಿ ಒಗ್ಗುತ್ತದೆ. ಪ್ರವೇಶದ ತುದಿಯಲ್ಲಿ ಹತ್ತಾರು ಓಮ್ ಬಂದರೆ ಅದನ್ನು ನಡೆಸುವ ಹಂತವನ್ನು ಬೇರೆಯಾಗಿ ಕಟ್ಟಬೇಕು. ಒಂದು ಆಪ್-ಆಂಪ್ ಚಿಪ್ ಸಾಕಾದೀತು. ಪವರ್ ಟ್ರಾನ್ಸ್‌ಫಾರ್ಮರಿನಿಂದ ದೂರ ಇಡಿ, ಇಲ್ಲವಾದರೆ ಅದರ ಗುಂಯ್ ಎನ್ನುವ 'ಹಮ್' ಸದ್ದನ್ನು ಹೀರಿಕೊಳ್ಳುತ್ತದೆ. ತಟ್ಟೆಯನ್ನು ಬಿಚ್ಚಿ ಸ್ಪ್ರಿಂಗನ್ನು ಬೆರಳಿನಿಂದ ಮೀಟುವ ಆಸೆ ಎಲ್ಲರಿಗೂ ಆಗುತ್ತದೆ. ಅದರ ಕೊನೆಯ ತಂತಿ ಕೂದಲಿನಷ್ಟು ತೆಳು.

ಇನ್ನೊಂದು ಆರ್ಗನ್ ಕಣ್ಣಿಗೆ ಬಿದ್ದರೆ ಸ್ಪೀಕರಿನ ಎದುರು ತಿರುಗುವ ನೊರೆಯ ಡ್ರಮ್ ಇದೆಯೇ ನೋಡಿ. ಅದು ಲೆಸ್ಲಿ, ದನಿಯನ್ನು ತಿರುಗಿಸಿ ಅಲೆಯಾಡಿಸುವ ಸ್ಪೀಕರ್. ಫೆಂಡರ್ 1967ರಲ್ಲಿ ಅದೇ ತತ್ತ್ವವನ್ನು 10 ಇಂಚಿನ ಸ್ಪೀಕರಿಗೆ ಹಾಕಿ ವೈಬ್ರಟೋನ್ ಎಂದು ಗಿಟಾರಿನವರಿಗೇ ಮಾರಿತು. ಅಂಥದ್ದನ್ನು ಬಿಡಿಬಿಡಿ ಮಾಡದೆ ಇಡಿಯಾಗಿ ತೆಗೆದು ಬಳಸಿ.

ಮೈಸೂರಿಗೆ ಏನು ತರಬೇಕು? ಪವರ್ ಟ್ರಾನ್ಸ್‌ಫಾರ್ಮರನ್ನು ಅಲ್ಲೇ ಬಿಡಿ. ಅದು 117 ವೋಲ್ಟ್, 60 ಹರ್ಟ್ಝಿಗೆ ಸುತ್ತಿದ್ದು. ನಮ್ಮ 230 ವೋಲ್ಟಿಗೆ ನೇರವಾಗಿ ಕೊಟ್ಟರೆ ಸುಡುತ್ತದೆ. ಇಳಿಸಿ ಕೊಟ್ಟರೂ 50 ಹರ್ಟ್ಝಿನಲ್ಲಿ ಅದರ ಕಬ್ಬಿಣ ಐದನೇ ಒಂದು ಪಾಲು ಹೆಚ್ಚು ಕಾಂತಹೊರೆ ಹೊತ್ತು ಬಿಸಿಯಾಗುತ್ತದೆ. ಲೆಸ್ಲಿಯ ಮೋಟಾರಿನ ಪಾಡೂ ಇದೇ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಊರಿನ ವಿದ್ಯುತ್ತಿನ ಹಂಗಿಲ್ಲ, ಅದನ್ನು ತನ್ನಿ. 6ವಿ6ಗಳನ್ನೂ 12ಎಎಕ್ಸ್7ಗಳನ್ನೂ ತನ್ನಿ. ಆದರೆ ವಾಲ್ವಿಗಾಗಿ ತೀರ ಚಿಂತಿಸಬೇಡಿ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದು ಕಾಲದಲ್ಲಿ ರೇಡಿಯೊಗಳಿಗಾಗಿ ಇಸಿಸಿ83, ಇಎಲ್84 ವಾಲ್ವುಗಳನ್ನು ಮಾಡುತ್ತಿತ್ತು. ಮೊದಲನೆಯದು 12ಎಎಕ್ಸ್7, ಎರಡನೆಯದು 6ಬಿಕ್ಯೂ5. ಹಳೆಯ ರೇಡಿಯೊ ರಿಪೇರಿಯವರ ಡಬ್ಬಿಗಳಲ್ಲಿ ಇನ್ನೂ ಸಿಗಬಹುದು. ಪವರ್ ಟ್ರಾನ್ಸ್‌ಫಾರ್ಮರನ್ನು 230 ವೋಲ್ಟಿಗೆ ಹೊಸದಾಗಿ ಸುತ್ತಿಸಿಕೊಳ್ಳಿ.

ರಿವರ್ಬ್ ತಟ್ಟೆ ಖಂಡಿತ ಬರಲಿ, ಸ್ಪ್ರಿಂಗುಗಳು ಅಲುಗದಂತೆ ನಡುವೆ ಮೆತ್ತನೆಯ ನೊರೆಹಾಳೆ ಇಟ್ಟು. 12 ಇಂಚುಗಳಲ್ಲಿ ಬೆರಳಿನ ಪರೀಕ್ಷೆಯಲ್ಲೂ ಮೊಬೈಲಿನ ಪರೀಕ್ಷೆಯಲ್ಲೂ ಗೆದ್ದದ್ದನ್ನು ಮಾತ್ರ ತನ್ನಿ. ಕೋನಿನ ಮುಂದೆ ಗಟ್ಟಿ ರಟ್ಟಿನ ವೃತ್ತವನ್ನು ಬೋಲ್ಟಿನಿಂದ ಬಿಗಿದು, ಆಯಸ್ಕಾಂತ ಕೆಳಗಾಗುವಂತೆ ಪ್ಯಾಕ್ ಮಾಡಿ. ತೂಕ ಉಳಿಸಲೆಂದು ಆಯಸ್ಕಾಂತವನ್ನು ಚೌಕಟ್ಟಿನಿಂದ ಬಿಚ್ಚುವ ಯೋಚನೆ ಬಂದರೆ ತಡೆಯಿರಿ: ಆಲ್ನಿಕೊ (ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ) ಆಯಸ್ಕಾಂತವನ್ನು ಅದರ ಕಬ್ಬಿಣದ ಆವರಣದಿಂದ ಹೊರತೆಗೆದರೆ ಬಲದ ಬಹುಪಾಲು ಹೋಗಿಬಿಡುತ್ತದೆ, ಮತ್ತೆ ಜೋಡಿಸಿದರೂ ಮರಳುವುದಿಲ್ಲ.